ನಿಲ್ಲದ ಬೆಕ್ಕು, ಓಡೋ ಹೋರಿ

ನಮ್ಮ ಕಾಳ ಹೋಗಿ ಬರೋ ಶ್ರಾವಣಕ್ಕೆ ಒಂದು ವರ್ಷ ಆಗುತ್ತೆ. ಹನ್ನೊಂದು ವರ್ಷ ನಮ್ಮ ಅಂಗಳದಲ್ಲಿ ಓಡಾಡಿದ ನಾಯಿ. ಅದು ಹೋದ ವಾರ ಬೆಂಗಳೂರಿಂದ ಮಗಳು ಫೋನ್ ಮಾಡಿ, "ಅಮ್ಮಾ, ಕಾಳಂದು ಒಂದು ಒಳ್ಳೆ ಫೋಟೋ ಕಳಿಸು, ಪ್ರಿಂಟ್ ಹಾಕಿಸ್ತೀನಿ" ಅಂದ್ಲು. ಅದಕ್ಕೇನು ಅಂತ ಮೊಬೈಲ್ ತೆಗೆದು ಕೂತೆ. ಅರವತ್ತು ಎಪ್ಪತ್ತು ಫೋಟೋ ಇದ್ದವು. ಒಂದ್ರಲ್ಲಿ ಬಾಲ ಮಾತ್ರ. ಒಂದ್ರಲ್ಲಿ ಯಾರೋ ಮಸಿಬಟ್ಟೆ ಎಳೆದಂಗೆ ಕಪ್ಪನೆ ಗೆರೆ. ಒಂದ್ರಲ್ಲಿ ತುಳಸಿಕಟ್ಟೆ ಚೆಂದ ಬಂದೈತೆ, ನಾಯಿ ಇಲ್ಲ. ಮುಖ ಸರಿಯಾಗಿ ಕಾಣೋದು ಅಂದ್ರೆ ಮಲಗಿದ್ದಾಗಿಂದು ಎರಡು. ಅವನ್ನೇ ಕಳಿಸಿದೆ. "ಇದು ಕಾಳ ಅನಿಸಲ್ಲಮ್ಮ" ಅಂದ್ಲು. ಹೌದು, ಮಲಗಿದ್ದು ಕಾಳ ಅಲ್ಲ. ಗೇಟು ಸದ್ದಾದ್ರೆ ಬಾಣದಂಗೆ ಓಡ್ತಿತ್ತಲ್ಲ, ಅದು ಕಾಳ. ಆ ಕಾಳಂದು ನಮ್ಮನೇಲಿ ಒಂದೂ ಫೋಟೋ ಇಲ್ಲ.

ಈ ಹೊಟ್ಟೆ ಉರಿ ಹಂಗೇ ಇರೋವಾಗ, ಭೂಮಿ ಹುಣ್ಣಿಮೆ ಮುಂದೆ ತವರಿನಿಂದ ತಮ್ಮನ ಫೋನ್ ಬಂತು. ನನ್ನ ತವರು ಶಿಕಾರಿಪುರ ತಾಲೂಕು, ಶಿರಾಳಕೊಪ್ಪದ ಕಡೆ ಒಂದು ಹಳ್ಳಿ. ಕೊಟ್ಟಿದ್ದು ಸೊರಬಕ್ಕೆ. ಅಲ್ಲಿ 'ಐತಿ' ಅಂತಿದ್ದೋಳು ಇಲ್ಲಿ ಬಂದು 'ಐತೆ' ಅನ್ನೋದು ಕಲಿತೆ, ಅಷ್ಟೇ ದೂರ. ತಮ್ಮ ಹೇಳಿದ, "ಅಕ್ಕಾ, ಬಸ್ವನ್ನ ಇದೊಂದು ವರ್ಷ ಓಡಿಸಿ ನಿಲ್ಲಿಸ್ತೀನಿ. ಅಪ್ಪಯ್ಯಗೆ ಅಖಾಡಕ್ಕೆ ಬರಾಕ ಆಗಲ್ಲ. ನೀನು ಬಂದು ಫೋಟೋ ತೆಗಿ."

ಬಸ್ವ ಅಂದ್ರೆ ನಮ್ಮ ತವರಿನ ಹೋರಿ. ಹಳ್ಳಿಕಾರ್ ತಳಿದು, ಬಿಳಿ ಮೈ, ಹಿಂದಕ್ಕೆ ಬಾಗಿ ನೆಟ್ಟಗೆ ಹೋದ ಕೋಡು. ಅಖಾಡದಲ್ಲಿ ಅದಕ್ಕೆ ಸಿನಿಮಾ ಹೀರೋನಂಗೆ ಬೇರೆ ದೊಡ್ಡ ಹೆಸರು ಐತೆ, ಹುಡುಗರು ಅಂಗಿ ಮೇಲೆ ಅಚ್ಚು ಹಾಕಿಸ್ಕೊಂಡಿದಾರೆ. ಮನೇಲಿ ಮಾತ್ರ ಬಸ್ವ. ಕರು ಇದ್ದಾಗಿಂದ ಅಪ್ಪಯ್ಯನೇ ಮೈ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಕೆರೆಗಿಳಿಸಿ ಈಜು ಹೊಡೆಸಿ ಬೆಳೆಸಿದ್ದು. ಈಗ ಅಪ್ಪಯ್ಯಗೆ ಎಂಬತ್ತನಾಲ್ಕು. ಮಂಡಿ ಹೋಗೈತೆ. ಜಗಲಿ ಮೇಲೆ ಕುರ್ಚಿ ಹಾಕ್ಕೊಂಡು, ಹಬ್ಬದ ದಿನ ದೂರದಿಂದ ಕೇಳೋ ಕೂಗು ಕೇಳ್ಕೊಂಡೇ ಇರಬೇಕು. ತಮ್ಮನ ಕೈಯಿಂದ ಫೋನ್ ಇಸ್ಕೊಂಡು ಅಪ್ಪಯ್ಯ ಅಂದ್ರು, "ನನ್ನ ಕಣ್ಣಿಗೆ ಕಾಣಂಗ ತೆಗಿಯವ್ವ. ಹುಡುಗರು ತೆಗಿಯೋದ್ರಾಗೆ ಬರೀ ಧೂಳು ಇರ್ತೈತಿ."

ಹೂಂ ಅಂದುಬಿಟ್ಟೆ. ಆಮೇಲೆ ಭಯ ಆತು. ನಾಯಿದೇ ಸರಿಯಾಗಿ ತೆಗೆಯಕ್ಕೆ ಬರ್ದೇ ಇರೋಳು ಹೋರಿದು ಹೆಂಗೆ ತೆಗೆಯೋದು? ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯೋವಾಗ ಕೂದಲೆಳೆಯಷ್ಟೂ ನಡುಗದ ಕೈ, ಮೊಬೈಲ್ ಹಿಡಿದ್ರೆ ಗದಗುಟ್ಟುತ್ತೆ.

ನಮ್ಮ ಪಕ್ಕದ ಮನೆ ಹುಡುಗಿ ಮದುವೆ ಫೋಟೋ ತೆಗೆಯೋರ ಜತೆ ಕೆಲಸಕ್ಕೆ ಹೋಗ್ತಾಳೆ. ಅವಳನ್ನ ಕರೆದು, ಚಾ ಕೊಟ್ಟು, ಕೂರಿಸ್ಕೊಂಡೆ. ಅವಳು ನನ್ನ ಮೊಬೈಲ್ ತಗೊಂಡು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಹಿಂದಿನ ಗಾಜು ಒರೆಸಿದ್ಲು. "ದೊಡ್ಡಮ್ಮಾ, ಇದರ ಮೇಲೆ ಒಗ್ಗರಣೆ ಜಿಡ್ಡು ಐತಲ್ಲ, ಎಂಥ ಫೋಟೋ ಬರುತ್ತೆ?" ಅಂದ್ಲು. ನಾಚಿಕೆ ಆತು. ಅಡಿಗೆಮನೇಲಿ ಮೊಬೈಲ್ ಇಟ್ಕೊಳ್ಳೋರೆಲ್ಲ ಇದೊಂದು ಮಾತು ನೆನಪಿಟ್ಕೊಳ್ಳಿ. ಮೆತ್ತನೆ ಹತ್ತಿಬಟ್ಟೇಲಿ ಒರೆಸಿದ್ರೆ ಅರ್ಧ ಮಂಜು ಅಲ್ಲೇ ಹೋಗುತ್ತೆ.

ಎರಡನೇದು ಬೆಳಕಿನ ಮಾತು. ಅದನ್ನ ನಾನು ನನಗೆ ತಿಳಿಯಂಗೆ ಹೇಳ್ತೀನಿ. ಫೋಟೋ ಅನ್ನೋದು ಕೊಡಕ್ಕೆ ನೀರು ಹಿಡಿದಂಗೆ. ನಲ್ಲಿ ಜೋರಾಗಿ ಬಂದ್ರೆ ಕೊಡ ಬೇಗ ತುಂಬುತ್ತೆ, ಸಣ್ಣಗೆ ಬಂದ್ರೆ ತುಂಬ ಹೊತ್ತು ಹಿಡಿಬೇಕು. ಒಳಗೆ ಕತ್ತಲೆ ಇದ್ರೆ ಮೊಬೈಲು ಬೆಳಕು ಸಾಲಲಿಲ್ಲ ಅಂತ ಕಣ್ಣು ತೆರೆದು ಜಾಸ್ತಿ ಹೊತ್ತು ಕಾಯುತ್ತೆ. ಆ ಹೊತ್ತಲ್ಲಿ ನಾಯಿ ಇಲ್ಲಿಂದ ಅಲ್ಲಿಗೆ ಹೋಗಿರುತ್ತೆ, ಇಲ್ಲಿಂದ ಅಲ್ಲಿವರೆಗೂ ಗೆರೆ ಬೀಳುತ್ತೆ. ಕಾಳ ಮಸಿಬಟ್ಟೆ ಆಗಿದ್ದು ಹಿಂಗೆ.

ಲೆಕ್ಕಾನೂ ಹಾಕಿ ನೋಡಿದೆ, ಪಿಯುಸಿವರೆಗೆ ಓದಿದ್ದು ಸುಮ್ಮನೆ ಅಲ್ಲ! ಹೋರಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುತ್ತೆ ಅಂತ ಇಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ ಹತ್ತು ಮೀಟರ್. ಮೊಬೈಲು ಸೆಕೆಂಡಿನ 50ರಲ್ಲಿ ಒಂದು ಭಾಗ ಕಣ್ಣು ತೆರೆದ್ರೆ, ಅಷ್ಟರಲ್ಲಿ ಹೋರಿ 20 ಸೆಂಟಿಮೀಟರ್, ಒಂದು ಗೇಣು, ಮುಂದೆ ಹೋಗಿರುತ್ತೆ. ಸಾವಿರದಲ್ಲಿ ಒಂದು ಭಾಗ ಮಾತ್ರ ತೆರೆದ್ರೆ ಬರೀ ಒಂದು ಸೆಂಟಿಮೀಟರ್. ಇಷ್ಟೇ ಗುಟ್ಟು. ತುಂಬ ಮೊಬೈಲಲ್ಲಿ 'ಪ್ರೋ' ಅಂತ ಒಂದು ಐತೆ, ಅದರೊಳಗೆ 'ಎಸ್' ಅಂತ ಬರುತ್ತೆ. ಅದು ಶಟರ್. ಅದನ್ನ 1/1000ಕ್ಕೆ ಇಡಬೇಕು. 'ಐಎಸ್‌ಒ' ಅಂತ ಇನ್ನೊಂದು, ಅದನ್ನ ಏರಿಸಿದ್ರೆ ಬೆಳಕು ಜಾಸ್ತಿ ಆಗುತ್ತೆ, ಆದ್ರೆ ತೀರಾ ಏರಿಸಿದ್ರೆ ಫೋಟೋ ಮೇಲೆ ಸಣ್ಣ ರವೆ ಉದುರಿಸಿದಂಗೆ ಕಾಳು ಕಾಳು ಕಾಣುತ್ತೆ. ಇದೆಲ್ಲ ರಗಳೆ ಅನ್ನೋರು ಒಂದು ಮಾಡಿ, ಪ್ರಾಣೀನ ಬಿಸಿಲಿಗೆ ಕರ್ಕೊಂಡು ಬನ್ನಿ. ಬಯಲ ಬೆಳಕಲ್ಲಿ ಮೊಬೈಲು ತಾನೇ ಬೇಗ ಕಣ್ಣು ಮುಚ್ಚುತ್ತೆ.

ಮಾರನೇ ದಿನದಿಂದ ನಮ್ಮ ಬೆಕ್ಕು ಚಿನ್ನಿ ಮೇಲೆ ಪ್ರಯೋಗ. ಅಡಿಕೆ ಸುಲಿಯೋ ಕಾಲ, ಅಂಗಳದ ತುಂಬ ಅಡಿಕೆ. ಒಂದು ಗೋಟಡಿಕೆ ಉರುಳಿಸಿದ್ರೆ ಚಿನ್ನಿ ಹುಲಿಯಂಗೆ ಎಗರುತ್ತೆ. ನಾನು ನಿಂತ್ಕೊಂಡು ಮೇಲಿಂದ ತೆಗೆದೆ. ಬೆನ್ನು ಬಂತು, ಕಿವಿ ಬಂತು, ಮುಖ ಇಲ್ಲ. ಹುಡುಗಿ ಹೇಳಿದ್ಲು, "ಅದರ ಕಣ್ಣಿನ ಮಟ್ಟಕ್ಕೆ ಇಳೀರಿ ದೊಡ್ಡಮ್ಮ." ಐವತ್ತಾರು ವರ್ಷದೋಳು ಜಗಲಿ ಮೇಲೆ ಬೋರಲು ಮಲಗಿದೆ. ಎದುರು ಮನೆ ಅಕ್ಕ ಓಡಿ ಬಂದು, "ಅಯ್ಯಯ್ಯೋ, ಏನಾತ್ರೀ, ಬಿದ್ರಾ?" ಅಂದ್ರು. ಬೆಕ್ಕಿನ ಫೋಟೋ ಅಂದೆ. ಅವರು ಹಣೆ ಚಚ್ಚಿಕೊಂಡು, ಹೋಗದೆ ಅಲ್ಲೇ ಕೂತು ಅಡಿಕೆ ಉರುಳಿಸೋ ಕೆಲಸ ಮಾಡಿಕೊಟ್ರು.

ಅಲ್ಲಿ ಕಲಿತದ್ದು ಹೇಳ್ತೀನಿ. ಬೆಕ್ಕು ಓಡೋವಾಗ ಹಿಂದೆ ಹಿಂದೆ ಮೊಬೈಲ್ ತಿರುಗಿಸಿದ್ರೆ ಸಿಗಲ್ಲ. ಅದು ಬರೋ ಜಾಗ ಯಾವುದು ಅಂತ ಮೊದಲೇ ನೋಡಿಟ್ಟು, ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದ್ರೆ ಮೊಬೈಲಿನ ನೋಟ ಅಲ್ಲಿಗೇ ಕಟ್ಟಿಹಾಕಿದಂಗೆ ಆಗುತ್ತೆ. ಆಮೇಲೆ ಕಾಯಬೇಕು. ಗುಡವಿಗೆ ಹಕ್ಕಿ ಫೋಟೋ ತೆಗೆಯಕ್ಕೆ ಬರೋರನ್ನ ನೋಡಿದೀರಲ್ಲ, ಕೊಳದ ಕಡೆ ಮುಖ ಮಾಡಿ ಗಂಟೆಗಟ್ಟಲೆ ಕಲ್ಲಿನಂಗೆ ಕೂತಿರ್ತಾರೆ. ಹಕ್ಕಿ ಹಿಂದೆ ಓಡಲ್ಲ. ಎರಡನೇದು, ಒಂದು ಒತ್ತು ಒಂದು ಫೋಟೋ ಅಲ್ಲ, ಒತ್ತಿ ಹಿಡೀಬೇಕು, ಕೆಲವು ಮೊಬೈಲಲ್ಲಿ ಪಕ್ಕಕ್ಕೆ ಎಳೀಬೇಕು. ಪಟಪಟ ಅಂತ ಇಪ್ಪತ್ತು ಮೂವತ್ತು ಬರ್ತಾವೆ. ಅದರಲ್ಲಿ ಒಂದು ಚೆನ್ನಾಗಿದ್ರೆ ಸಾಕು. ಮಿಕ್ಕಿದ್ದನ್ನ ಅವತ್ತೇ ಸಂಜೆ ಅಕ್ಕಿ ಆರಿಸಿದಂಗೆ ಆರಿಸಿ ತೆಗೆದುಹಾಕಿ, ಇಲ್ದಿದ್ರೆ ಮೊಬೈಲ್ ತುಂಬುತ್ತೆ. ಮೂರನೇದು, ಕಣ್ಣು. ಬಾಲ ಮಸುಕಾದ್ರೂ ಕಾಲು ಮಸುಕಾದ್ರೂ ಅಡ್ಡಿ ಇಲ್ಲ, ಕಣ್ಣು ಸ್ಪಷ್ಟ ಇದ್ರೆ ಜೀವ ಬಂದಂಗೆ. ನಾಲ್ಕನೇದು, ಫ್ಲ್ಯಾಶ್ ಹಾಕಬೇಡಿ. ಬೆಕ್ಕು ನಾಯಿ ದನಗಳ ಕಣ್ಣಿನ ಹಿಂದೆ ಬೆಳಕನ್ನ ತಿರುಗಿಸಿ ಹೊಡೆಯೋ ಒಂದು ಪದರ ಐತೆ, ರಾತ್ರಿ ಟಾರ್ಚ್ ಬಿಟ್ರೆ ಕೊಟ್ಟಿಗೇಲಿ ಕಣ್ಣು ಹೊಳೆಯೋದು ಅದರಿಂದನೇ. ಫ್ಲ್ಯಾಶ್ ಹಾಕಿದ್ರೆ ದೆವ್ವದ ಕಣ್ಣು ಬರ್ತಾವೆ, ಪ್ರಾಣೀನೂ ಬೆಚ್ಚುತ್ತೆ.

ಬೆಕ್ಕು ಆದ್ಮೇಲೆ ಕರು. ಬೆಳಿಗ್ಗೆ ಹಾಲು ಕುಡಿದು ಬಿಟ್ಟ ತಕ್ಷಣ ಬಾಲ ಎತ್ತಿ ಅಂಗಳ ಸುತ್ತು ಹೊಡೆಯುತ್ತಲ್ಲ, ಆವಾಗ. ಅದು ಪಕ್ಕದಿಂದ ಪಕ್ಕಕ್ಕೆ ಓಡೋವಾಗ ಸೊಂಟದಿಂದ ಮೇಲೆ ನಾವೂ ಅದೇ ವೇಗದಲ್ಲಿ ತಿರುಗಬೇಕು, ಬೀಸೋ ಕಲ್ಲು ತಿರುಗಿಸೋವಾಗ ಮೈ ಹೋಗುತ್ತಲ್ಲ ಹಂಗೆ. ಕರು ಸ್ಪಷ್ಟ, ಹಿಂದಿನ ಗೋಡೆ ಗಿಡ ಎಲ್ಲ ಗೆರೆ ಗೆರೆ. ಅದು ಬಂದ ದಿನ ನಾನು ಕುಣಿದಾಡಿದೆ. ನಮ್ಮ ಯಜಮಾನ್ರು, "ಇವತ್ತು ತಿಂಡಿ ಏನಾದ್ರೂ ಐತಾ, ಅದೂ ಫೋಟೋನಾ?" ಅಂದ್ರು.

ಆ ಹುಡುಗಿ ಒಂದಿನ ಹಳೇ ಕತೆ ಹೇಳಿದ್ಲು. ಕುದುರೆ ಓಡೋವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡ್ತಾವೋ ಇಲ್ಲವೋ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡೋರಿಗೆಲ್ಲ ವಾದ ಇತ್ತಂತೆ. ಬರಿಗಣ್ಣಿಗೆ ಕಾಣಲ್ಲವಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಡ್ಜ್ ಅನ್ನೋನು ಓಟದ ದಾರಿ ಪಕ್ಕದಲ್ಲಿ ಸಾಲಾಗಿ ಹನ್ನೆರಡು ಕ್ಯಾಮೆರಾ ಇಟ್ಟು, ಅಡ್ಡ ಕಟ್ಟಿದ ದಾರ ಕುದುರೆ ದಾಟಿದಂಗೆ ಒಂದೊಂದೇ ಕ್ಯಾಮೆರಾ ಹೊಡೆಯಂಗೆ ಮಾಡಿದ. ನಾಲ್ಕೂ ಕಾಲು ನೆಲ ಬಿಡ್ತಾವೆ ಅಂತ ಗೊತ್ತಾತು. ಅದೂ ಚಿತ್ರ ಬರೆಯೋರು ಬರೀತಿದ್ದಂಗೆ ಮುಂದೆ ಹಿಂದೆ ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚಿ ಸೇರಿಸ್ಕೊಂಡಾಗ. 1894ರಲ್ಲಿ ಫ್ರಾನ್ಸಿನ ಮರೇ ಅನ್ನೋ ವಿಜ್ಞಾನಿ, ಬೆನ್ನು ಕೆಳಗೆ ಮಾಡಿ ಬಿಟ್ಟ ಬೆಕ್ಕು ಗಾಳಿಯಲ್ಲೇ ತಿರುಗಿ ಕಾಲ ಮೇಲೆ ಬೀಳೋದನ್ನ ಸಾಲು ಫೋಟೋ ತೆಗೆದು ತೋರಿಸಿದ. ಇದನ್ನ ಕೇಳಿ ನಾನು, ಕಣ್ಣಿಗೆ ಕಾಣದ್ದನ್ನ ಫೋಟೋ ಕಾಣಿಸುತ್ತೆ, ಎಷ್ಟು ಚೆಂದ ಅಂದ್ಕೊಂಡೆ. ಕಾಣಬಾರದ್ದೂ ಕಾಣಬಹುದು ಅಂತ ಆವಾಗ ಹೊಳೀಲಿಲ್ಲ.

ದೀಪಾವಳಿ ಪಾಡ್ಯದಿಂದ ಶುರುವಾದ್ರೆ ನಮ್ಮ ಶಿಕಾರಿಪುರ, ಸೊರಬ, ಆ ಕಡೆ ಹಿರೇಕೆರೂರು, ಹಾವೇರಿವರೆಗೂ ಒಂದೊಂದು ಊರಲ್ಲಿ ಒಂದೊಂದು ದಿನ ಹೋರಿ ಹಬ್ಬ. ನಮ್ಮೂರ ಸರದಿ ಬಂದಾಗ ನಾನು ಹಿಂದಿನ ದಿನಾನೇ ಹೋದೆ. ಬೆಳಿಗ್ಗೆ ಬಸ್ವಗೆ ಮೈ ತೊಳೆದು, ಜೂಲ ಹಾಕಿ, ಗೆಜ್ಜೆ ಕಟ್ಟಿ, ಕೋಡಿಗೆ ಬಲೂನು ರಿಬ್ಬನ್ನು, ಕೊರಳಿಗೆ ಕೊಬ್ಬರಿ ಗಿಟುಕಿನ ಸರ. ಆ ಕೊಬ್ಬರಿ ಹರಿಯಕ್ಕೇ ಅಲ್ಲಿ ನೂರಾರು ಹುಡುಗರು ನಿಂತಿರ್ತಾರೆ. ಯಾರ ಕೈಗೂ ಸಿಗದೆ ದಾಟಿದ ಹೋರಿ ಗೆದ್ದಂಗೆ. ಹೊರಡೋವಾಗ ಅಪ್ಪಯ್ಯ ಕುರ್ಚಿಯಿಂದಲೇ ಬಸ್ವನ ಗಂಗೆದೊಗಲು ಸವರಿ, ಹಣೆಗೆ ಭಂಡಾರ ಹಚ್ಚಿದ್ರು.

ಹತ್ತಿರ ನಿಂತ್ರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ನಾನು ಬೇಲಿ ಪಕ್ಕಕ್ಕೇ ಹೋಗಬೇಕು ಅಂತಿದ್ದೆ. ತಮ್ಮನ ಹೆಂಡತಿ ಕೈ ಹಿಡಿದು ಎಳೆದ್ಲು. "ಅತ್ಗೆಮ್ಮಾ, ಹೋರಿಗೆ ನೀವು ಯಾರು ಅಂತ ಗೊತ್ತಾಗಲ್ಲ" ಅಂದ್ಲು. ಅವಳು ಹೇಳಿದ್ದು ಸರಿ. ಈ ಹಬ್ಬದಲ್ಲಿ ತಿವಿಸ್ಕೊಂಡು, ತುಳಿಸ್ಕೊಂಡು ಜೀವ ಹೋದ ಮನೆಗಳು ನಮ್ಮ ಸೀಮೆಯಲ್ಲೇ ಅದಾವೆ. ಅದರಲ್ಲಿ ನೋಡಕ್ಕೆ ಬಂದೋರೂ ಸೇರಿದಾರೆ. ಹಂಗಾಗಿ ಪರಿಚಯದೋರ ಮನೆ ತಾರಸಿ ಮೇಲೆ ಹೋದೆ. ದಾರಿ ತಿರುಗೋ ಜಾಗ ನೇರ ಕೆಳಗೆ. ಮಟ್ಟ ಮೇಲಾತು, ಕಣ್ಣಿನ ಮಟ್ಟ ಸಿಗಲ್ಲ, ಆದ್ರೆ ತಿರುವಿನಲ್ಲಿ ಎಂಥ ಹೋರಿನೂ ಚೂರು ನಿಧಾನ ಆಗುತ್ತೆ, ತಲೆ ಎತ್ತುತ್ತೆ. ಅಲ್ಲೇ ಬೆರಳೊತ್ತಿ ಕಾದೆ. ಶಟರ್ 1/1000. ಬಿಸಿಲು ನನ್ನ ಬೆನ್ನಿಗೆ. ಮೊದಲು ಬೇರೆ ಹೋರಿಗಳ ಮೇಲೆ ನಾಲ್ಕು ಸಲ ನೋಡಿಕೊಂಡೆ.

ಬಸ್ವನ ಹೆಸರು ಮೈಕಲ್ಲಿ ಕೂಗಿದ್ರು. ಹಲಗೆ, ಸೀಟಿ, ಕೇಕೆ. ಒಂದೇ ಉಸಿರಿಗೆ ಬಂತು, ಹೋತು. ನಾನು ಬೆರಳು ಒತ್ತಿ ಹಿಡಿದಿದ್ದಷ್ಟೇ ಗೊತ್ತು. ಕೊಬ್ಬರಿ ಯಾರಿಗೂ ಸಿಗಲಿಲ್ಲ. ತಮ್ಮ ಹೆಗಲ ಮೇಲಿನ ಟವೆಲ್ ಬೀಸಿ ಕುಣಿದ.

ಸಂಜೆ ಜಗಲಿಯಲ್ಲಿ ಎಲ್ಲ ಸುತ್ತ ಕೂತ್ರು. ಮೂವತ್ತೆಂಟು ಫೋಟೋ. ಹೆಚ್ಚಿನವು ಧೂಳು, ಯಾರದೋ ಕೈ, ಬಲೂನು. ಒಂದು ಮಾತ್ರ ಬಂದಿತ್ತು. ಎಂಥದು ಅಂದ್ರೆ, ಗೆಜ್ಜೆ ಎಣಿಸಬಹುದು. ಮುಂಗಾಲು ಎರಡೂ ನೆಲ ಬಿಟ್ಟಿದ್ವು. ತಲೆ ಎತ್ತಿ ತಿರುವಿನ ಕಡೆ ನೋಡ್ತಿತ್ತು. ಎಲ್ಲ "ಓಹೋ" ಅಂದ್ರು. ಅಪ್ಪಯ್ಯನ ಕಣ್ಣಿಗೆ ಕಾಣಲಿ ಅಂತ ನಾನು ಎರಡು ಬೆರಳಲ್ಲಿ ಮುಖ ಹಿಗ್ಗಿಸಿದೆ.

ಕಣ್ಣು ಬಂತು. ಯಾವತ್ತೂ ಕಾಡಿಗೆ ಹಚ್ಚಿದಂಗೆ ಕರ್ರಗೆ ಇರೋ ಬಸ್ವನ ಕಣ್ಣು. ಅದರ ಸುತ್ತ ಬೆಳ್ಳಗೆ ಬಳೆಯಷ್ಟು ಬಿಳಿಗುಡ್ಡೆ ಕಾಣ್ತಿತ್ತು. ಬಾಯಿಂದ ನೊರೆ ಎಳೆ ಎಳೆಯಾಗಿ ಗಾಳಿಯಲ್ಲಿತ್ತು. ಮೂಗಿನ ಹೊಳ್ಳೆ ಅಗಲ. ಯಾರೂ ಮಾತಾಡಲಿಲ್ಲ. ದನ ಸಾಕಿದೋರಿಗೆ ಅದೇನು ಅಂತ ಹೇಳಿಕೊಡಬೇಕಾ? ಗುಡುಗಿಗೆ, ಕೊಟ್ಟಿಗೆಗೆ ಹಾವು ಬಂದಾಗ, ನಮ್ಮ ಹಸು ಕಣ್ಣು ಹಂಗೇ ಆಗುತ್ತೆ.

ತಮ್ಮ ಮೊದಲು ಸಿಟ್ಟಾದ. "ಅದು ರೋಷ ಅಕ್ಕಾ, ಹೆದರಿಕೆ ಅಲ್ಲ" ಅಂದ. ಆಮೇಲೆ, "ಇದನ್ನ ಎಲ್ಲೂ ಕಳಿಸಬ್ಯಾಡ" ಅಂದ. ಆಮೇಲೆ ಕಾನೂನು ಹೇಳಿದ. ಕಂಬಳಕ್ಕೂ ಎತ್ತಿನ ಓಟಕ್ಕೂ 2017ರಲ್ಲಿ ನಮ್ಮ ಸರ್ಕಾರ ಕಾನೂನು ತಿದ್ದಿ ಅವಕಾಶ ಕೊಟ್ಟೈತಿ, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜತೆ ಅದನ್ನೂ ಎತ್ತಿ ಹಿಡಿದೈತಿ ಅಂತ. ಅಪ್ಪಯ್ಯ ಎಲ್ಲ ಕೇಳಿದ್ರು. ಮೊಬೈಲ್ ಇನ್ನೂ ಅವರ ಕೈಯಲ್ಲೇ ಇತ್ತು. "ಕೋರ್ಟು ಕಾನೂನು ನೋಡೈತಿ. ನೀನು ಸಾಕಿದಾವ, ನೀನು ಕಣ್ಣು ನೋಡು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದ್ರು, "ನಾನೂ ಮೂವತ್ತು ವರ್ಷ ಓಡಿಸೀನಿ. ಹಿಂದಿನಿಂದ ನೋಡ್ತಿದ್ದೆ. ಮುಖ ನೋಡಿದ್ದಿಲ್ಲ."

ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲೈತೆ. ಅಪ್ಪಯ್ಯಗೆ ಖುಷಿ ಆಗ್ಲಿ ಅಂತ ಹೋಗಿ ಅವರ ಮೂವತ್ತು ವರ್ಷದ ಖುಷಿಗೆ ನಾನೇ ಕಲ್ಲು ಹಾಕಿದೆನಾ ಅಂತ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಅಪ್ಪಯ್ಯ ಕೋಲು ಊರಿಕೊಂಡು ಕೊಟ್ಟಿಗೇಲಿ ಬಸ್ವನ ಪಕ್ಕ ನಿಂತಿದ್ರು. ಅದರ ಕಣ್ಣು ಮತ್ತೆ ಮೊದಲಿನಂಗೆ ಕರ್ರಗೆ, ತಣ್ಣಗೆ. ನನ್ನ ಕಂಡು, "ಬಂದೇನವ್ವ, ಇದನ್ನೊಂದು ತೆಗಿ" ಅಂದ್ರು. ಬಾಗಿಲ ಹತ್ತಿರ ಎಳೆಬಿಸಿಲಿಗೆ ಕರೆತಂದು ತೆಗೆದೆ. ಅದಕ್ಕೆ ಶಟರ್ರೂ ಬೇಡ, ಎಂಥದೂ ಬೇಡ, ನಿಂತೇ ಇತ್ತು.

ಹಬ್ಬ ಬೇಡ ಅಂತ ಹೇಳೋ ದೊಡ್ಡೋಳು ನಾನಲ್ಲ. ಹುಟ್ಟಿದಾಗಿಂದ ನೋಡಿದೋಳು, ಹಲಗೆ ಸದ್ದು ಕೇಳಿದ್ರೆ ನನಗೂ ಮೈ ಜುಮ್ ಅನ್ನುತ್ತೆ. ವರ್ಷವಿಡೀ ಮಗನಂಗೆ ಹೋರಿ ಸಾಕೋರೂ ಅವರೇ, ಮಕ್ಕಳಿಗೆ ಇಲ್ದಿದ್ರೂ ಹೋರಿಗೆ ಹುರುಳಿ ಇಡೋರೂ ಅವರೇ. ಆದ್ರೆ ಹಬ್ಬದ ಹೆಸರಲ್ಲೇ 'ಬೆದರಿಸೋದು' ಅಂತ ಇದ್ದದ್ದನ್ನ ಇಷ್ಟು ವರ್ಷ ಬಾಯಲ್ಲಿ ಹೇಳಿದ್ದೆ, ಕಣ್ಣಲ್ಲಿ ನೋಡಿದ್ದು ಆವತ್ತೇ.

ತಮ್ಮ ತನ್ನ ಮೊಬೈಲಿಗೆ ಧೂಳಿನ ಫೋಟೋನೇ ಇಟ್ಕೊಂಡಿದಾನೆ, ಅದರಲ್ಲಿ ಬಸ್ವ ಬಿರುಗಾಳಿ ಬಂದಂಗೆ ಕಾಣುತ್ತೆ. ಅಪ್ಪಯ್ಯ ಮಾತ್ರ ಎರಡು ಪ್ರಿಂಟ್ ಹಾಕಿಸಿದ್ರು, ಓಡಿದ್ದೊಂದು, ಬಿಸಿಲಿಗೆ ನಿಂತಿದ್ದೊಂದು. ಎರಡನ್ನೂ ಜಗಲಿ ಗೋಡೆಗೆ ಪಕ್ಕಪಕ್ಕ ಹೊಡೆಸಿದಾರೆ. ಬಂದೋರೆಲ್ಲ ಓಡಿದ್ದನ್ನ ನೋಡಿ ಭೇಷ್ ಅಂತಾರೆ. ಅಪ್ಪಯ್ಯ ಏನೂ ಹೇಳಲ್ಲ.

ತಮ್ಮ ಹೇಳಿದಂಗೇ ಬಸ್ವನ್ನ ನಿಲ್ಲಿಸಿದ. ಆದ್ರೆ ಕೊಟ್ಟಿಗೇಲಿ ಇನ್ನೊಂದು ಎಳೇ ಹೋರಿ ಐತೆ, ಎರಡು ಹಲ್ಲಿಂದು. ಮೊನ್ನೆ ಫೋನ್ ಮಾಡಿದಾಗ ಕೇಳಿದ, "ಅಕ್ಕಾ, ಬರೋ ದೀಪಾವಳಿಗೆ ಫೋಟೋ ತೆಗಿಯಾಕ ಬರ್ತೀಯೇನು?" ಅಂತ. ಅದನ್ನ ಓಡಿಸ್ತೀಯಾ ಅಂತ ನಾನು ಕೇಳಲಿಲ್ಲ. ಓಡಿಸ್ತೀನಿ ಅಂತ ಅವನೂ ಹೇಳಲಿಲ್ಲ. "ಬರ್ತೀನಿ ಕಣೋ, ಆದ್ರೆ ಮುಖಾನೇ ತೆಗೆಯೋದು" ಅಂದೆ. ಹೂಂ ಅಂದ. ಸ್ವಲ್ಪ ತಡೆದೇ ಅಂದ.